ಕುದುರೆ ದನವಲ್ಲ: ಓದುಗರ ಪ್ರಶ್ನೆ, ಪಶುವೈದ್ಯರ ಉತ್ತರ

ಈ ಅಂಕಣಕ್ಕೆ ಸಾಮಾನ್ಯವಾಗಿ ಬರುವ ಪತ್ರಗಳು ಕೆಚ್ಚಲುಬಾವಿನ ಬಗ್ಗೆ, ಗಬ್ಬ ನಿಲ್ಲದ ಎಮ್ಮೆಯ ಬಗ್ಗೆ, ಕರುಗಳ ಜಂತುಹುಳುವಿನ ಬಗ್ಗೆ ಇರುತ್ತವೆ. ಈ ಬಾರಿ ಶಿವಮೊಗ್ಗ ಜಿಲ್ಲೆಯ ಐದು ತಾಲ್ಲೂಕುಗಳಿಂದ ಕುದುರೆಗಳ ಕುರಿತೇ ಐದು ಪತ್ರಗಳು ಬಂದಿರುವುದರಿಂದ ಅವನ್ನೆಲ್ಲ ಒಂದೇ ಕಡೆ ಎತ್ತಿಕೊಂಡಿದ್ದೇನೆ. ಮದುವೆಯ ಮೆರವಣಿಗೆಗೆಂದೋ ಪ್ರವಾಸಿಗರ ಸವಾರಿಗೆಂದೋ ತಂದ ಪ್ರಾಣಿಗಳು ದುಡಿಮೆಗೆ ಒದಗದಂತಾದಾಗ ರಸ್ತೆಯ ಪಾಲಾಗುತ್ತವೆ. ಕನಿಕರಪಟ್ಟ ಯಾರೋ ಅವನ್ನು ಮನೆಗೆ ಕರೆತರುತ್ತಾರೆ. ಮಲೆನಾಡಿನ ನಾವು ಹುಟ್ಟಿನಿಂದ ದನ ಕಂಡವರೇ ಹೊರತು ಕುದುರೆ ಕಂಡವರಲ್ಲ. ಆದ್ದರಿಂದ ಕುದುರೆಯನ್ನೂ ದನದಂತೆಯೇ ಸಾಕಲು ಹೊರಡುತ್ತೇವೆ, ಎಡವುವುದೂ ಅಲ್ಲಿಯೇ. ನಾನು ಸೇವೆಯಲ್ಲಿದ್ದಾಗ ಕಂಡ ಅನಾಥ ಕುದುರೆಗಳು ಬೆರಳೆಣಿಕೆಯಷ್ಟೇ ಆದರೂ, ಅವುಗಳಲ್ಲಿ ಸತ್ತವು ಹೆಚ್ಚಾಗಿ ಉಪವಾಸವಿದ್ದಾಗ ಸಾಯಲಿಲ್ಲ, ಯಾರದೋ ಮನೆಯಲ್ಲಿ ಹೊಟ್ಟೆತುಂಬ ತಿಂದ ಮೇಲೆ ಸತ್ತವು.

ಪ್ರಶ್ನೆ (ಹೊಸನಗರ ತಾಲ್ಲೂಕಿನ ಕೃಷಿಕರು): ಮೂರು ದಿನಗಳ ಹಿಂದೆ ನಮ್ಮೂರ ಬಸ್ ನಿಲ್ದಾಣದ ಬಳಿ ಯಾರೋ ಬಿಟ್ಟುಹೋಗಿದ್ದ ತಟ್ಟುವೊಂದನ್ನು (ಗಿಡ್ಡ ಜಾತಿಯ ಕುದುರೆ) ಮನೆಗೆ ತಂದಿದ್ದೇವೆ. ಪಕ್ಕೆಲುಬು, ಬೆನ್ನೆಲುಬು ಎಲ್ಲವನ್ನೂ ಎಣಿಸಬಹುದು. ಕೊಟ್ಟಿಗೆಯಲ್ಲಿ ಕಟ್ಟಿ, ಬೇಯಿಸಿದ ಹುರುಳಿ, ತೌಡು, ಬೆಲ್ಲ ಎಲ್ಲವನ್ನೂ ಧಾರಾಳವಾಗಿ ಕೊಡುತ್ತಿದ್ದೇವೆ, ಆಸೆಯಿಂದ ತಿನ್ನುತ್ತಿದೆ. ಆದರೆ ನಿನ್ನೆಯಿಂದ ಕಾಲು ನಡುಗುತ್ತಿದೆ, ಮಲಗಿದರೆ ಏಳಲು ಕಷ್ಟಪಡುತ್ತಿದೆ. ಇನ್ನೂ ಹೆಚ್ಚು ಕೊಡಬೇಕೇ?

ಉತ್ತರ: ಪತ್ರ ಅಚ್ಚಾಗುವವರೆಗೆ ಕಾಯುವ ವಿಷಯ ಇದಲ್ಲವಾದ್ದರಿಂದ, ಹುರುಳಿ, ತೌಡು, ಬೆಲ್ಲ ಮೂರನ್ನೂ ಆ ಕ್ಷಣವೇ ನಿಲ್ಲಿಸಿ ಹತ್ತಿರದ ಪಶು ಆಸ್ಪತ್ರೆಯ ವೈದ್ಯರನ್ನು ಕರೆಸುವಂತೆ ಇವರಿಗೆ ದೂರವಾಣಿಯಲ್ಲಿಯೇ ಹೇಳಿದ್ದೇನೆ. ಇಲ್ಲಿ ಬರೆಯುತ್ತಿರುವುದು ಇನ್ನು ಮುಂದೆ ಇಂಥದೇ ಪ್ರಾಣಿಯನ್ನು ಮನೆಗೆ ತರುವವರಿಗಾಗಿ.

ಹುರುಳಿ ಕುದುರೆಯ ಆಹಾರವೆಂಬುದು ಸುಳ್ಳಲ್ಲ. ಮೈತುಂಬಿಕೊಂಡು ದುಡಿಯುವ ಕುದುರೆಗೆ ಅದನ್ನು ನೆನೆಸಿಯೋ ಬೇಯಿಸಿಯೋ ಕೊಡುವುದು ನಮ್ಮ ನಾಡಿನ ಹಳೆಯ ಪದ್ಧತಿ. ಆದರೆ ವಾರಗಟ್ಟಲೆ ಮೇವಿಲ್ಲದೆ ಸೊರಗಿದ ಕುದುರೆಯ ದೇಹ ಮೊದಲು ತನ್ನ ಕೊಬ್ಬನ್ನು, ಆಮೇಲೆ ತನ್ನ ಮಾಂಸಖಂಡವನ್ನೇ ಕರಗಿಸಿಕೊಂಡು ಬದುಕಿರುತ್ತದೆ. ಆ ಸ್ಥಿತಿಯಲ್ಲಿ ಪಿಷ್ಟ ಅಥವಾ ಸಕ್ಕರೆಯ ಅಂಶ ಒಮ್ಮೆಲೇ ಹೊಟ್ಟೆಗೆ ಬಿದ್ದರೆ ಇನ್ಸುಲಿನ್ ಏರುತ್ತದೆ, ಅದರ ಒತ್ತಡಕ್ಕೆ ರಕ್ತದಲ್ಲಿ ಅಳಿದುಳಿದಿದ್ದ ರಂಜಕ, ಪೊಟ್ಯಾಸಿಯಂ, ಮೆಗ್ನೀಸಿಯಂಗಳು ಜೀವಕೋಶಗಳ ಒಳಗೆ ಸೇರಿಕೊಂಡು ರಕ್ತ ಬರಿದಾಗುತ್ತದೆ, ಮತ್ತು ಹೃದಯವೂ ಉಸಿರಾಟದ ಸ್ನಾಯುಗಳೂ ಸೋಲುತ್ತವೆ. ಮೇವು ಕೊಡಲಾರಂಭಿಸಿದ ಮೂರರಿಂದ ಐದನೆಯ ದಿನದೊಳಗೆ ಈ ಅಪಾಯ ಹೆಚ್ಚು. ಹತ್ತು ದಿನ ಕಳೆಯುವವರೆಗೂ ನಿಶ್ಚಿಂತೆಯಿಂದ ಇರುವಂತಿಲ್ಲ. ತಾವು ಬರೆದ ನಡುಕ ಹಸಿವಿನದಲ್ಲ, ಇದರದೇ ಸೂಚನೆ ಇರಬೇಕು.

ಹಾಗಾದರೆ ಏನು ಕೊಡಬೇಕು? ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನಲ್ಲಿ ಹಸಿದು ಸೊರಗಿದ ಕುದುರೆಗಳಿಗೆ ಬೇರೆ ಬೇರೆ ಮೇವು ಕೊಟ್ಟು ನೋಡಿದಾಗ ಎಲ್ಲಕ್ಕಿಂತ ಚೆನ್ನಾಗಿ ಒದಗಿದ್ದು ಒಣಗಿಸಿದ ಲೂಸರ್ನ್, ಅಂದರೆ ನಮ್ಮವರು ಕುದುರೆ ಮಸಾಲೆ ಎಂದು ಕರೆಯುವ ಸೊಪ್ಪು. ಅದರಲ್ಲಿ ಪಿಷ್ಟ ಕಡಿಮೆ, ಸಸಾರಜನಕವೂ ಮೆಗ್ನೀಸಿಯಂ ಮತ್ತು ರಂಜಕವೂ ತಕ್ಕಷ್ಟಿವೆ. ಸುಮಾರು 450 ಕಿಲೋ ತೂಗಬೇಕಾದ ದೊಡ್ಡ ಕುದುರೆಗೆ ಮೊದಲ ಮೂರು ದಿನ ನಾಲ್ಕು ಗಂಟೆಗೊಮ್ಮೆ ಅರ್ಧ ಕಿಲೋದಷ್ಟೇ ಒಣ ಮೇವು, ನಾಲ್ಕನೆಯ ದಿನದಿಂದ ಹತ್ತನೆಯ ದಿನದವರೆಗೆ ಪ್ರಮಾಣವನ್ನು ಸ್ವಲ್ಪಸ್ವಲ್ಪವೇ ಏರಿಸುತ್ತ, ಹೊತ್ತುಗಳನ್ನು ಕಡಿಮೆ ಮಾಡುತ್ತ ಹೋಗುವುದು, ಆಮೇಲೆ ಬೇಕೆನಿಸಿದಷ್ಟು. ನಿಮ್ಮ ತಟ್ಟು ಇದರ ಅರ್ಧಕ್ಕಿಂತಲೂ ಕಡಿಮೆ ತೂಗುವುದರಿಂದ ಅದಕ್ಕೆ ಒಂದು ಹೊತ್ತಿಗೆ ಇನ್ನೂರು ಗ್ರಾಂ ಸಾಕು. ರಾತ್ರಿ ಎರಡು ಗಂಟೆಗೂ ಏಳಬೇಕಾಗುತ್ತದೆ. ಮಗುವಿನ ಬಾಣಂತನ ಮಾಡಿದ ಮನೆಗೆ ಇದು ಹೊಸದೇನಲ್ಲ.

ತೊಂದರೆಯೆಂದರೆ ಕುದುರೆ ಮಸಾಲೆ ನಮ್ಮ ಹುಳಿ ಮಣ್ಣಿಗೂ ಮಳೆಗೂ ಒಗ್ಗುವ ಬೆಳೆಯಲ್ಲ. ಬಯಲುಸೀಮೆಯ ಕಡೆಯಿಂದ ತರಿಸಿಕೊಳ್ಳಬೇಕು. ಹಸಿಯದಾಗಿ ಸಿಕ್ಕಿದರೆ ಅದರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ನೀರೇ ಇರುವುದರಿಂದ ತೂಕವನ್ನು ನಾಲ್ಕೈದು ಪಟ್ಟು ಎಣಿಸಿಕೊಳ್ಳಬೇಕು. ಏನೂ ಸಿಗದ ಕಡೆ, ಮಳೆಗಾಲದ ನಂತರ ಬ್ಯಾಣದ ಹುಲ್ಲುಗಾವಲಿನಿಂದ ಕೊಯ್ದು ಒಣಗಿಸಿಟ್ಟ ಹಸನಾದ ಕರಡವನ್ನು ಅದೇ ಲೆಕ್ಕದಲ್ಲಿ, ಅಷ್ಟಷ್ಟೇ ಕೊಡುತ್ತ ವೈದ್ಯರು ಬರೆದುಕೊಟ್ಟ ಖನಿಜ ಮಿಶ್ರಣವನ್ನು ಸೇರಿಸಬಹುದು. ಬೂಷ್ಟು ಹಿಡಿದ ಹುಲ್ಲನ್ನು ಮಾತ್ರ ಎಷ್ಟೇ ಕೊರತೆಯಿದ್ದರೂ ಹಾಕಬಾರದು. ದನ ಅದನ್ನು ಹೇಗೋ ತಡೆದುಕೊಂಡೀತು, ಕುದುರೆ ತಡೆಯದು.

ದನದ ನಾಲ್ಕು ಕೋಣೆಗಳ ಹೊಟ್ಟೆಯೂ ಮೆಲುಕೂ ಕುದುರೆಗಿಲ್ಲ. ದೊಡ್ಡ ಕುದುರೆಗೂ ಹೊಟ್ಟೆಯ ಚೀಲ ಹಿಡಿಯುವುದು 8ರಿಂದ 15 ಲೀಟರಿನಷ್ಟು ಮಾತ್ರ, ನಾರು ಜೀರ್ಣವಾಗುವುದು ಹಿಂದಿನ ದೊಡ್ಡ ಕರುಳಿನಲ್ಲಿ. ಒಮ್ಮೆ ನುಂಗಿದ್ದನ್ನು ವಾಂತಿ ಮಾಡಿಕೊಳ್ಳುವ ಶಕ್ತಿಯೂ ಅದಕ್ಕಿಲ್ಲ. ಹೀಗಾಗಿ ಅಡಿಗೆಮನೆಯ ಅಕ್ಕಚ್ಚು, ಹಳಸಿದ ಅನ್ನ, ಹಿಂಡಿಯ ಗಟ್ಟಿ ಇವು ಅದರ ಪಾಲಿಗೆ ಹೊಟ್ಟೆಶೂಲೆಯ ದಾರಿ. ತೌಡಿನಲ್ಲಿ ರಂಜಕ ಹೆಚ್ಚು, ಸುಣ್ಣದ ಅಂಶ ತೀರ ಕಡಿಮೆ. ಹಾಲಿನ ದನಗಳಿಗೆಂದು ಬೆಳೆಯುವ ನೇಪಿಯರ್ ಹುಲ್ಲಿನಲ್ಲಿರುವ ಆಕ್ಸಲೇಟ್ ಅಷ್ಟಿಷ್ಟು ಸುಣ್ಣವನ್ನೂ ಕಟ್ಟಿಹಾಕುತ್ತದೆ. ಇವೆರಡನ್ನೇ ತಿಂಗಳುಗಟ್ಟಲೆ ತಿಂದ ಕುದುರೆಯ ಮೂಳೆ ಟೊಳ್ಳಾಗಿ, ಮುಖದ ಎಲುಬು ಊದಿ, ಕಾರಣ ತಿಳಿಯದೆ ಕುಂಟುತ್ತದೆ. ಕೋಳಿಯ ಮೇವಂತೂ ಕುದುರೆಯ ಬಾಯಿಗೆ ಸೋಕಲೇಬಾರದು: ಅದರಲ್ಲಿ ಬೆರೆಸಿರಬಹುದಾದ ಮೊನೆನ್ಸಿನ್ ಎಂಬ ಔಷಧ ಕೋಳಿಗೂ ದನಕ್ಕೂ ಹಿತವಾದರೂ ಕುದುರೆಯ ಹೃದಯವನ್ನು ಅತಿ ಸಣ್ಣ ಪ್ರಮಾಣದಲ್ಲಿಯೇ ಕೆಡಿಸುತ್ತದೆ. ಇನ್ನು ಗೊಟ್ಟ, ಅಂದರೆ ಔಷಧ ಕುಡಿಸುವ ಕೊಳವೆ. ದನಕ್ಕೆ ಬಾಯಿ ಎತ್ತಿ ಗೊಟ್ಟದಲ್ಲಿ ಔಷಧ ಹೊಯ್ಯುವ ರೂಢಿಯವರು ಕುದುರೆಗೂ ಹಾಗೆ ಮಾಡಿದಾಗ ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆದದ್ದನ್ನು ನಾನು ಕಂಡಿದ್ದೇನೆ. ದ್ರವದ ಔಷಧವನ್ನು ವೈದ್ಯರೇ ಮೂಗಿನ ಮೂಲಕ ನಳಿಗೆ ಇಳಿಸಿ ಕೊಡಬೇಕು.

ತೂಕವನ್ನು ಅಂದಾಜಿಸಲು ತಕ್ಕಡಿ ಬೇಡ, ದರ್ಜಿಯ ಟೇಪು ಸಾಕು. ಮುಂಗಾಲುಗಳ ಹಿಂದೆ ಎದೆಯ ಸುತ್ತಳತೆಯನ್ನೂ, ಎದೆಯ ಮುಂಭಾಗದಿಂದ ಪೃಷ್ಠದ ತುದಿಯವರೆಗಿನ ಉದ್ದವನ್ನೂ ಸೆಂಟಿಮೀಟರಿನಲ್ಲಿ ಅಳೆದು, ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಅದನ್ನು ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಕಿಲೋ ಲೆಕ್ಕ ಸಿಗುತ್ತದೆ. ಸುತ್ತಳತೆ 130, ಉದ್ದ 120 ಇದ್ದರೆ ಸುಮಾರು 170 ಕಿಲೋ. ವಾರಕ್ಕೊಮ್ಮೆ ಅಳೆದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ದಿನಾ ನೋಡುವ ಕಣ್ಣಿಗೆ ಕಾಣದ ಏರಿಳಿತ ಅಲ್ಲಿ ಕಾಣುತ್ತದೆ. ವಿಶ್ರಾಂತಿಯಲ್ಲಿರುವ ಕುದುರೆಯ ಮೈಬಿಸಿ 37.5ರಿಂದ 38.5 ಡಿಗ್ರಿ ಸೆಲ್ಸಿಯಸ್, ನಾಡಿ ನಿಮಿಷಕ್ಕೆ 28ರಿಂದ 44, ಉಸಿರು 8ರಿಂದ 16. ತಟ್ಟುಗಳಲ್ಲಿ ನಾಡಿ ತುಸು ಹೆಚ್ಚಿರಬಹುದು. ಹೊಟ್ಟೆಯ ಕಡೆಗೆ ತಿರುಗಿ ತಿರುಗಿ ನೋಡುವುದು, ಮುಂಗಾಲಿನಿಂದ ನೆಲ ಕೆರೆಯುವುದು, ಬೆವರಿ ಹೊರಳಾಡುವುದು, ಲದ್ದಿ ನಿಲ್ಲುವುದು, ಇವುಗಳಲ್ಲಿ ಯಾವುದು ಕಂಡರೂ ರಾತ್ರಿಯೆಂದು ನೋಡದೆ ವೈದ್ಯರನ್ನು ಕರೆಯಬೇಕು. ಪಶುಪಾಲನಾ ಇಲಾಖೆಯ ಪಶು ಸಂಜೀವಿನಿ ವಾಹನಕ್ಕೆ 1962 ಸಂಖ್ಯೆ ಇದೆ. ಶಿವಮೊಗ್ಗ ನಗರದಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯವೂ ಇದೆ.

ಜಂತಿನ ಔಷಧಕ್ಕೆ ಅವಸರ ಬೇಡ. ಮೊದಲು ಲದ್ದಿ ಪರೀಕ್ಷೆಯಾಗಲಿ, ಪ್ರಾಣಿ ತುಸು ಚೇತರಿಸಿಕೊಳ್ಳಲಿ. ದನಕ್ಕೆಂದು ತಂದಿಟ್ಟ ಐವರ್‌ಮೆಕ್ಟಿನ್ ಚುಚ್ಚುಮದ್ದನ್ನು ಕುದುರೆಗೆ ಚುಚ್ಚಿಸಬೇಡಿ, ಅದಕ್ಕೆ ಬಾಯಿಯ ಮೂಲಕ ಕೊಡುವ ಔಷಧ ಬೇರೆಯೇ ಇದೆ. ಧನುರ್ವಾಯುವಿನ ಲಸಿಕೆಯನ್ನಾದರೋ ತಡಮಾಡದೆ ಹಾಕಿಸಬೇಕು, ಏಕೆಂದರೆ ಸಾಕುಪ್ರಾಣಿಗಳಲ್ಲಿ ಆ ರೋಗಕ್ಕೆ ಕುದುರೆಯಷ್ಟು ಬೇಗ ತುತ್ತಾಗುವುದು ಇನ್ನೊಂದಿಲ್ಲ. ಮೂಗಿನಿಂದ ಗಟ್ಟಿಯಾದ ಸಿಂಬಳ, ಕಾಲಿನ ಉದ್ದಕ್ಕೆ ಸಾಲಾದ ಗಂಟು ಮತ್ತು ಹುಣ್ಣು ಕಂಡರೆ ಕೈಗವಸು ಇಲ್ಲದೆ ಮುಟ್ಟಬೇಡಿ. ಅದು ಗ್ಲ್ಯಾಂಡರ್ಸ್ ಆಗಿದ್ದರೆ ಮನುಷ್ಯರಿಗೂ ಅಂಟುತ್ತದೆ. ಅದಕ್ಕೆ ಲಸಿಕೆಯಿಲ್ಲ, ಸರಕಾರಕ್ಕೆ ತಿಳಿಸಲೇಬೇಕಾದ ರೋಗಗಳಲ್ಲಿ ಅದೂ ಒಂದು. ರಕ್ತದ ಮಾದರಿ ಹರಿಯಾಣದ ಹಿಸಾರಿನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದಲ್ಲಿ ಪರೀಕ್ಷೆಯಾಗುತ್ತದೆ.

ಪ್ರಶ್ನೆ (ಭದ್ರಾವತಿಯ ಶಿಕ್ಷಕಿ): ನಮ್ಮ ಬಡಾವಣೆಯ ಹೊರಗೆ ಎರಡು ಕುದುರೆಗಳ ಮುಂಗಾಲುಗಳನ್ನು ಹಗ್ಗದಿಂದ ಜೋಡಿಸಿ ಕಟ್ಟಿ ಕಸದ ರಾಶಿಯ ಬಳಿ ಬಿಟ್ಟಿರುತ್ತಾರೆ. ಮಾಲೀಕರು ಬರುವುದು ಮದುವೆ ಇದ್ದಾಗ ಮಾತ್ರ. ಒಂದರ ಬೆನ್ನಿನಲ್ಲಿ ಹುಣ್ಣಿದೆ. ದೂರು ಕೊಡಬೇಕೇ ಅಥವಾ ಹಣ ಕೊಟ್ಟು ಬಿಡಿಸಿಕೊಳ್ಳಬೇಕೇ? ಹಾಗೆಯೇ ಕರೆದೊಯ್ದರೆ ಕಳ್ಳತನವಾಗುತ್ತದೆಯೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುವುದಾದರೆ, ಆಗುತ್ತದೆ. ಒಡೆಯನಿರುವ ಪ್ರಾಣಿಯನ್ನು ಕರುಣೆಯಿಂದ ಬಿಚ್ಚಿಕೊಂಡು ಹೋದರೂ ಕಾನೂನಿನ ಕಣ್ಣಿಗೆ ಅದು ಬೇರೆಯವರ ಸ್ವತ್ತೇ. ಒಡೆಯ ಯಾರೆಂದು ತಿಳಿಯದ ಪ್ರಾಣಿಯನ್ನು ತಂದವರೂ ಆ ದಿನವೇ ಪೊಲೀಸ್ ಠಾಣೆಗೂ ಪಂಚಾಯಿತಿ ಅಥವಾ ನಗರಸಭೆಗೂ ಬರಹದಲ್ಲಿ ತಿಳಿಸಿ ಸ್ವೀಕೃತಿ ಪಡೆದುಕೊಂಡಿರಬೇಕು; ಸಿಕ್ಕಿದ ದಿನದ ಚಿತ್ರಗಳನ್ನೂ ವೈದ್ಯರು ಬರೆದುಕೊಟ್ಟ ದೇಹಸ್ಥಿತಿಯ ವರದಿಯನ್ನೂ ಜೋಪಾನವಾಗಿ ಇಟ್ಟುಕೊಂಡಿರಬೇಕು. ಕುದುರೆ ಮೈತುಂಬಿಕೊಂಡ ಮೇಲೆ ‘ಅದು ನನ್ನದು’ ಎಂದು ಬರುವವರು ಇದ್ದೇ ಇರುತ್ತಾರೆ.

ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಅಧಿನಿಯಮ, 1960ರ 11ನೆಯ ಕಲಮಿನ ಪ್ರಕಾರ, ಒಡೆಯನಾದವನು ಸಾಕಷ್ಟು ಮೇವು, ನೀರು, ನೆರಳು ಕೊಡದಿರುವುದೂ, ಹಸಿವು ಬಾಯಾರಿಕೆಗಳಿಂದ ನರಳುವಂತೆ ಬಿಟ್ಟುಬಿಡುವುದೂ ಅಪರಾಧಗಳೇ. ಆದರೆ ಮೊದಲ ಸಲದ ದಂಡ ಇಂದಿಗೂ ಹತ್ತರಿಂದ ಐವತ್ತು ರೂಪಾಯಿ. ಐವತ್ತು ರೂಪಾಯಿಗೆ ಈಗ ಒಂದು ಹೊರೆ ಹುಲ್ಲೂ ಬಾರದು. ಹಾಗೆಂದು ದೂರು ವ್ಯರ್ಥವಲ್ಲ. ದಂಡಕ್ಕಿಂತ ಮುಖ್ಯವಾದುದು, ಪ್ರಕರಣ ದಾಖಲಾದ ಮೇಲೆ ಪ್ರಾಣಿಯನ್ನು ಎಲ್ಲಿಡಬೇಕೆಂಬುದನ್ನು ಮ್ಯಾಜಿಸ್ಟ್ರೇಟರು ನಿರ್ಧರಿಸಬಹುದಾದ ಅವಕಾಶ. ಇದೇ ಅಧಿನಿಯಮದ ಅಡಿ 2017ರಲ್ಲಿ ಬಂದ ನಿಯಮಗಳಂತೆ ಪ್ರಕರಣ ಮುಗಿಯುವವರೆಗೆ ಪ್ರಾಣಿಯನ್ನು ಆಶ್ರಯತಾಣದ ವಶಕ್ಕೆ ಕೊಡಬಹುದು, ಅದರ ಖರ್ಚನ್ನು ಒಡೆಯನ ಮೇಲೆ ಹೊರಿಸಬಹುದು. ಕೊಲ್ಲುವುದು, ವಿಷವಿಕ್ಕುವುದು, ಅಂಗ ಊನಗೊಳಿಸುವುದು ಇವು ಭಾರತೀಯ ನ್ಯಾಯ ಸಂಹಿತೆಯ 325ನೆಯ ಕಲಮಿಗೆ ಸೇರುತ್ತವೆ, ಅಲ್ಲಿ ಐದು ವರ್ಷದವರೆಗೆ ಸೆರೆವಾಸವಿದೆ. ಪ್ರತಿ ಜಿಲ್ಲೆಯಲ್ಲೂ ಪ್ರಾಣಿ ದಯಾ ಸಂಘ ಇರಬೇಕೆಂದು 2001ರ ನಿಯಮಗಳು ಹೇಳುತ್ತವೆ. ದೂರಿನ ಪ್ರತಿಯೊಂದನ್ನು ಅದಕ್ಕೂ, ಪಶುಪಾಲನಾ ಇಲಾಖೆಯ ಉಪನಿರ್ದೇಶಕರಿಗೂ ಕಳಿಸಿ.

ಹಣ ಕೊಟ್ಟು ಬಿಡಿಸಿಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಹುಣ್ಣಾದ ಕುದುರೆಗೆ ಹತ್ತು ಸಾವಿರ ಸಿಕ್ಕಿದರೆ ಅದೇ ಹತ್ತು ಸಾವಿರಕ್ಕೆ ಇನ್ನೊಂದು ಕುದುರೆ ಬಂದು ಅದೇ ಕಸದ ರಾಶಿಯ ಬಳಿ ನಿಲ್ಲುತ್ತದೆ. ಆದರೆ ದೂರಿಗೂ ಮೊದಲು ಒಮ್ಮೆ ಆ ಮಾಲೀಕರ ಜತೆ ಮಾತನಾಡಿ ನೋಡಬೇಕೆಂದು ಕೇಳಿಕೊಳ್ಳುತ್ತೇನೆ. ಕುದುರೆ ಸಾಕುವವರೆಲ್ಲ ಕ್ರೂರಿಗಳಲ್ಲ. ಮದುವೆಯ ತಿಂಗಳುಗಳಲ್ಲಿ ದುಡಿದದ್ದನ್ನು ವರ್ಷವಿಡೀ ಉಣ್ಣಬೇಕಾದ ಬಡವರು ಅವರಲ್ಲಿ ಬಹಳ ಮಂದಿ. ಬೇಸಗೆಯಲ್ಲಿ ಕೊಯ್ಲಾದ ಗದ್ದೆಗಳಿಗೆ ಮಂದೆ ಹೊಡೆದುಕೊಂಡು ಬರುವ ಕುರಿಗಾರರ ಬಳಿ ಸಾಮಾನು ಹೊರುವ ಗಿಡ್ಡ ಕುದುರೆಗಳಿರುತ್ತವಲ್ಲ, ಅವುಗಳ ಬೆನ್ನಿನ ಹುಣ್ಣು ಹೆಚ್ಚಾಗಿ ತಪ್ಪಾಗಿ ಹೊಲಿದ ತಡಿಯಿಂದ (ಬೆನ್ನಿನ ಮೇಲೆ ಹಾಕುವ ಮೆತ್ತೆ) ಆದದ್ದು, ನಿರ್ದಯತೆಯಿಂದಲ್ಲ. ತಡಿಯ ಕೆಳಗೆ ಬೆನ್ನೆಲುಬಿಗೆ ಭಾರ ಬೀಳದಂತೆ ನಡುವೆ ಕಾಲುವೆ ಬಿಟ್ಟು ಎರಡೂ ಕಡೆ ದಿಂಬು ಕಟ್ಟುವುದನ್ನು ತೋರಿಸಿಕೊಟ್ಟು, ಹುಣ್ಣು ಆರುವವರೆಗೆ ಹೊರೆ ಹಾಕಬಾರದೆಂದು ಹೇಳಿ, ಒಂದು ಸಲದ ಔಷಧದ ಖರ್ಚನ್ನು ನಾವು ವಹಿಸಿಕೊಂಡರೆ, ಪ್ರಾಣಿ ಅಲ್ಲಿಯೇ ಇದ್ದು ಉದ್ಧಾರವಾಗುತ್ತದೆ. ಅದಕ್ಕೂ ಬಗ್ಗದಿದ್ದರೆ ದೂರು ಕೊಡಿ, ಅನುಮಾನ ಬೇಡ.

ಪ್ರಶ್ನೆ (ತೀರ್ಥಹಳ್ಳಿ ತಾಲ್ಲೂಕಿನ ಅಡಿಕೆ ಬೆಳೆಗಾರರು): ಬಿಡಿಸಿ ತಂದ ಹೆಣ್ಣು ಕುದುರೆಯೊಂದು ಬೇಸಗೆಯಲ್ಲಿ ಚೆನ್ನಾಗಿ ಮೈ ಹಿಡಿಯಿತು. ಮಳೆ ಹಿಡಿದ ಮೇಲೆ ಗೊರಸಿನಿಂದ ಕೆಟ್ಟ ವಾಸನೆ, ಬೆನ್ನಿನ ಮೇಲೆ ಹಕ್ಕಳೆ, ಕುಂಟು. ಗೊರಸು ಬೆಳೆದು ಮುಂದಕ್ಕೆ ಬಾಗಿದೆ. ಜೊತೆಗೆ ಉಣುಗಿನ ಕಾಟ. ದನಗಳಿಗೆ ಹಾಕುವ ಉಣುಗಿನ ಔಷಧವನ್ನೇ ಹಾಕಬಹುದೇ?

ಉತ್ತರ: ದನಗಳ ಉಣುಗಿಗೆ ಬಳಸುವ ಔಷಧಗಳಲ್ಲಿ ಅಮಿಟ್ರಾಜ್ ಇರುವುದನ್ನು ಕುದುರೆಗೆ ಹಾಕಲೇಬೇಡಿ. ಅದರಿಂದ ಕುದುರೆಯ ಕರುಳಿನ ಚಲನೆ ನಿಂತು, ಲದ್ದಿ ಕಟ್ಟಿ, ಪ್ರಾಣಕ್ಕೇ ಅಪಾಯ ಬರುತ್ತದೆ. ಡಬ್ಬಿಯ ಮೇಲಿನ ಹೆಸರನ್ನು ಓದಿ, ಓದಲಾಗದಿದ್ದರೆ ವೈದ್ಯರಿಗೆ ತೋರಿಸಿ. ಉಣುಗನ್ನು ಕೈಗವಸು ತೊಟ್ಟು ಚಿಮುಟಿಗೆಯಿಂದ ಕಿತ್ತು ಸುಟ್ಟುಹಾಕುವುದು ನಿಧಾನದ ಕೆಲಸವಾದರೂ ಒಂದೇ ಕುದುರೆಯಿದ್ದಾಗ ಸಾಧ್ಯವಾದದ್ದೇ. ಇಲ್ಲಿ ಕುದುರೆಗಿಂತ ತಮ್ಮ ಬಗ್ಗೆಯೇ ಹೆಚ್ಚು ಹೇಳಬೇಕು. ಮಂಗನ ಕಾಯಿಲೆಯ ಮೊದಲ ಗುರುತು ಸಿಕ್ಕಿದ್ದು 1957ರಲ್ಲಿ ನಮ್ಮದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವುದು ಕಾಡಿನ ಉಣುಗು. ಮೇಯಲು ಕಾಡಿಗೆ ಹೋದ ಪ್ರಾಣಿ ಉಣುಗನ್ನು ಮೈಮೇಲೆ ಹೊತ್ತು ಮನೆಯಂಗಳಕ್ಕೆ ತರುತ್ತದೆ. ಚಳಿಗಾಲದ ಆರಂಭದಿಂದ ಮಳೆ ಬರುವವರೆಗೆ ಕುದುರೆಯನ್ನು ಕಾಡಂಚಿಗೆ ಮೇಯಲು ಬಿಡಬೇಡಿ, ಕೊಟ್ಟಿಗೆಗೆ ಹಾಸಲು ಕಾಡಿನ ದರಕನ್ನು (ಉದುರಿದ ಒಣ ಎಲೆ) ತರಬೇಡಿ.

ಹಾಸಿನ ಮಾತು ಬಂದಿತಲ್ಲ. ನಿಮ್ಮ ಕುದುರೆಯ ಗೊರಸು ಕೆಟ್ಟದ್ದು ಅಲ್ಲಿಂದಲೇ. ಸೊಪ್ಪು ಹಾಸಿ, ಸೆಗಣಿ ಗಂಜಲಗಳೊಡನೆ ತುಳಿಸಿ ಗೊಬ್ಬರ ಮಾಡುವ ಕೊಟ್ಟಿಗೆ ನಮ್ಮ ತೋಟಕ್ಕೆ ಪ್ರಾಣವಾದರೂ ಕುದುರೆಯ ಗೊರಸಿಗೆ ಶತ್ರು. ಗೊರಸಿನ ಅಡಿಯಲ್ಲಿ ಹಿಮ್ಮಡಿಯಿಂದ ಮುಂದಕ್ಕೆ ಚೂಪಾಗುತ್ತ ಹೋಗುವ ಮೆತ್ತನೆಯ ಭಾಗವಿದೆ. ಅದರ ಇಕ್ಕೆಲದ ಸೀಳುಗಳಲ್ಲಿ ಒದ್ದೆ ಕೊಳೆ ನಿಂತರೆ ಕರಿ ಕೀವು ಕಟ್ಟಿ ನಾರುತ್ತದೆ. ದಿನಕ್ಕೆ ಎರಡು ಸಲ ನಾಲ್ಕೂ ಗೊರಸುಗಳನ್ನು ಎತ್ತಿ, ಮೊಂಡು ಕೊಕ್ಕೆಯಿಂದ ಕೊಳೆ ತೆಗೆದು, ತೊಳೆದು, ಬಟ್ಟೆಯಿಂದ ಒರೆಸಿ ಒಣಗಿಸಿ, ವೈದ್ಯರು ಹೇಳಿದ ಅಯೋಡಿನ್ ದ್ರಾವಣ ಹಚ್ಚಿ. ನಿಲ್ಲಲು ಜಂಬಿಟ್ಟಿಗೆಯ ಚೂರು ಹಾಸಿ ಗಟ್ಟಿಸಿದ, ನೀರು ಬಸಿದುಹೋಗುವ ಎತ್ತರದ ಜಾಗ ಬೇಕು, ಅದರ ಮೇಲೆ ಮರದ ಒಣ ಹೊಟ್ಟು. ಮೂರು ಕಡೆ ಗಾಳಿಯಾಡುವ ಮಾಡು ಸಾಕು, ಆದರೆ ಇರಚಲು ಒಳಬರಬಾರದು. ಬೆನ್ನಿನ ಹಕ್ಕಳೆ ಮಳೆಯಲ್ಲಿ ನೆನೆದ ಚರ್ಮಕ್ಕೆ ಬರುವ ಸೋಂಕು. ಮೈ ಒಣಗಿದರೆ ಅದು ಬಹುಪಾಲು ತಾನೇ ಇಳಿಯುತ್ತದೆ, ಹಕ್ಕಳೆಯನ್ನು ಬಲವಂತದಿಂದ ಕೀಳಬೇಡಿ.

ಬಾಗಿ ಬೆಳೆದ ಗೊರಸಿನ ವಿಷಯದಲ್ಲಿ ತಾಳ್ಮೆಯೇ ಬೇಕು. ಗೊರಸು ತಿಂಗಳಿಗೆ ಒಂದು ಸೆಂಟಿಮೀಟರಿನ ಒಳಗೆಯೇ ಬೆಳೆಯುತ್ತದೆ, ಮೇಲಿನಿಂದ ಕೆಳಗಿನವರೆಗೆ ಪೂರ್ತಿ ಹೊಸದಾಗಲು ಒಂಬತ್ತರಿಂದ ಹನ್ನೆರಡು ತಿಂಗಳು ಹಿಡಿಯುತ್ತದೆ. ವರ್ಷಗಟ್ಟಲೆ ಬೆಳೆದದ್ದನ್ನು ಒಂದೇ ದಿನದಲ್ಲಿ ಸರಿಯಾದ ಆಕಾರಕ್ಕೆ ಕತ್ತರಿಸಿದರೆ ಸ್ನಾಯುರಜ್ಜುಗಳು ಹಿಡಿದುಕೊಂಡು ನಡೆಯಲಾಗದೆ ಹೋಗುತ್ತದೆ. ಸ್ವಲ್ಪಸ್ವಲ್ಪವಾಗಿ, ಆಮೇಲೆ ಆರರಿಂದ ಎಂಟು ವಾರಗಳಿಗೊಮ್ಮೆ ತಪ್ಪದೆ ಕೆತ್ತಿಸಬೇಕು. ಎತ್ತಿಗೆ ಲಾಳ ಕಟ್ಟುವವರು ನಮ್ಮಲ್ಲಿ ಇನ್ನೂ ಅಲ್ಲಲ್ಲಿ ಸಿಕ್ಕಾರು, ಆದರೆ ಸೀಳು ಗೊರಸಿನ ಕೈ ಇಡಿ ಗೊರಸಿಗೆ ಬಾರದು. ಕುದುರೆಯ ಗೊರಸು ಬಲ್ಲವರನ್ನು ದೂರದಿಂದಲಾದರೂ ಕರೆಸಿ, ಅಕ್ಕಪಕ್ಕದ ತಾಲ್ಲೂಕಿನಲ್ಲಿ ಕುದುರೆ ಇರುವವರು ಸೇರಿ ಖರ್ಚು ಹಂಚಿಕೊಳ್ಳಬಹುದು. ಕೆಲಸವಿಲ್ಲದೆ ನಿಂತಿರುವ ಕುದುರೆಗೆ ಲಾಳ ಬೇಡ.

ವಿಜಯನಗರದ ಅರಸರಿಗೆಂದು ಭಟ್ಕಳದ ಬಂದರಿನಲ್ಲಿ ಇಳಿದ ಕುದುರೆಗಳು ಘಟ್ಟ ಹತ್ತಿ ಬಯಲಿನ ಕಡೆ ಹೋಗುತ್ತಿದ್ದವು. ಒಣಹವೆಗೆ ಹುಟ್ಟಿದ ಪ್ರಾಣಿಗೆ ನಮ್ಮ ಮಲೆನಾಡು ದಾಟಿಹೋಗುವ ದಾರಿಯಾಗಿತ್ತೇ ಹೊರತು ತಂಗುವ ಊರಾಗಿರಲಿಲ್ಲ ಎಂದು ನನಗೆ ಆಗಾಗ ಅನ್ನಿಸುವುದುಂಟು. ಇನ್ನೆರಡು ಎಚ್ಚರಿಕೆಗಳಿವೆ. ಬೇಲಿಯಲ್ಲಿ ಕಣಗಿಲೆ ಇದ್ದರೆ ಕಡಿದು ದೂರ ಹಾಕಿ. ಅದರ ಒಣಗಿದ ಎಲೆಯೂ ಕುದುರೆಯನ್ನು ಕೊಲ್ಲುತ್ತದೆ. ಮೊದಲ ಮಳೆಗೆ ಚಿಗುರಿದ ಎಳೆ ಹುಲ್ಲಿನ ಮೇಲೆ ದಿನವಿಡೀ ಬಿಡುವುದೂ ಬೇಡ. ಬೇಸಗೆಯಲ್ಲಿ ಮೈ ಹಿಡಿದ ಕುದುರೆಗೆ, ಅದರಲ್ಲೂ ತಟ್ಟುವಿಗೆ, ಆ ಹುಲ್ಲಿನಿಂದ ಗೊರಸಿನ ಒಳಪದರ ಉರಿದು ನಿಲ್ಲಲಾರದಂತಾಗುತ್ತದೆ.

ಪ್ರಶ್ನೆ (ಸಾಗರದ ಗೃಹಿಣಿ): ನಮ್ಮ ಮನೆಗೆ ಬಂದ ತಟ್ಟು ಈಗ ಗುಂಡಗಾಗಿದೆ. ಮಗಳಿಗೆ ಹನ್ನೊಂದು ವರ್ಷ, 32 ಕಿಲೋ ತೂಗುತ್ತಾಳೆ. ಅವಳು ಹತ್ತಬಹುದೇ?

ಉತ್ತರ: ತಟ್ಟು 170 ಕಿಲೋ ಇದ್ದರೆ ತಡಿಯೂ ಸೇರಿ ಅದರ ತೂಕದ ಐದನೆಯ ಒಂದು ಪಾಲು, ಅಂದರೆ 34 ಕಿಲೋ ಮೀರಬಾರದು. ತಮ್ಮ ಮಗಳು ಈ ವರ್ಷ ಅಂಚಿನಲ್ಲಿದ್ದಾಳೆ, ಬರುವ ವರ್ಷ ಮೀರಿರುತ್ತಾಳೆ. ಹೊರೆ ಹೊರುವ ಪ್ರಾಣಿಗಳ ಕುರಿತ 1965ರ ನಿಯಮಗಳಲ್ಲಿ ತಟ್ಟುವಿನ ಮೇಲೆ 70 ಕಿಲೋವರೆಗೆ ಹೊರಿಸಬಹುದೆಂದು ಇರುವುದು ಹೌದಾದರೂ, ಅದು ಆರೋಗ್ಯವಂತ ಹೊರೆಕುದುರೆಗೆ ಕಾನೂನು ಹಾಕಿದ ಮೇಲ್ಮಿತಿ. ಹಸಿದು ಬಂದ ಪ್ರಾಣಿಯ ಬೆನ್ನಿಗೆ ಅದು ಅಳತೆಗೋಲಲ್ಲ. ಮೈ ತುಂಬಿತೆಂದರೆ ಮಾಂಸಖಂಡ ಬಂದಿತೆಂದಲ್ಲ, ಮೊದಲು ಬರುವುದು ಕೊಬ್ಬು. ಆರು ತಿಂಗಳು ಕಳೆಯಲಿ, ಹಲ್ಲು, ಗೊರಸು, ಬೆನ್ನು ಮೂರನ್ನೂ ವೈದ್ಯರು ನೋಡಲಿ. ಇನ್ನೊಂದು ಮಾತು: ಅದು ಹೆಣ್ಣಾಗಿದ್ದು ಹೊಟ್ಟೆ ಮಾತ್ರ ಗುಂಡಗಾಗಿದ್ದರೆ ಗಬ್ಬವೋ ಎಂದು ಪರೀಕ್ಷೆ ಮಾಡಿಸಿ. ಕುದುರೆ ಹನ್ನೊಂದು ತಿಂಗಳು ಗಬ್ಬ ಹೊರುತ್ತದೆ, ಬೀದಿಯಿಂದ ಬಂದದ್ದರ ಹಿಂದಿನ ಕಥೆ ನಮಗೆ ತಿಳಿದಿರುವುದಿಲ್ಲ. ಅಲ್ಲಿಯವರೆಗೆ ಮಗಳು ಹಗ್ಗ ಹಿಡಿದು ಜೊತೆಯಲ್ಲಿ ನಡೆಯಲಿ, ಮೈ ಉಜ್ಜಲಿ.

ಪ್ರಶ್ನೆ (ಶಿಕಾರಿಪುರದ ನಿವೃತ್ತ ನೌಕರರು): ಒಂದೂವರೆ ವರ್ಷದ ಹಿಂದೆ ಬಿಡಿಸಿ ತಂದ ಗಂಡು ಕುದುರೆ ಈಗ ಪೂರ್ತಿ ಚೇತರಿಸಿಕೊಂಡಿದೆ. ನನಗೆ ಅರವತ್ತೆಂಟು ವರ್ಷ, ಮಕ್ಕಳು ಊರಲ್ಲಿಲ್ಲ. ಒಳ್ಳೆಯವರಿಗೆ ಉಚಿತವಾಗಿ ಕೊಡಬೇಕೆಂದಿದ್ದೇನೆ. ನಮ್ಮ ಮನೆಯ ಮೇಕೆಯೊಂದನ್ನು ಬಿಟ್ಟು ಅದು ಇರುವುದೇ ಇಲ್ಲ ಎಂಬುದು ಮಾತ್ರ ಚಿಂತೆ.

ಉತ್ತರ: ಕೊಡಲು ಮನಸ್ಸು ಮಾಡಿದ್ದನ್ನು ಮೆಚ್ಚುತ್ತೇನೆ. ಚೆನ್ನಾಗಿ ನೋಡಿಕೊಂಡರೆ ಕುದುರೆ ಇಪ್ಪತ್ತೈದು, ಮೂವತ್ತು ವರ್ಷ ಬದುಕುತ್ತದೆ, ತನ್ನ ನಂತರ ಯಾರೆಂದು ಯೋಚಿಸದೆ ಉಳಿಸಿಕೊಳ್ಳುವುದು ಪ್ರೀತಿಯಂತೆ ಕಂಡರೂ ಕುದುರೆಗೆ ಅದರಿಂದ ಆಗುವುದು ಅನ್ಯಾಯವೇ.

ಉಚಿತ ಎಂದು ಮಾತ್ರ ಸಾರಬೇಡಿ. ಬೆಲೆಯಿಲ್ಲದ ಕುದುರೆಯನ್ನು ಹುಡುಕಿಕೊಂಡು ಮೊದಲು ಬರುವವರು ಮರುದಿನವೇ ಮಾರುವವರು. ಹೆಸರಿಗಾದರೂ ಒಂದು ಮೊತ್ತ ಪಡೆದು, ಅದನ್ನು ಬೇರೆ ಕುದುರೆಯ ಔಷಧಕ್ಕೆ ಕೊಟ್ಟುಬಿಡಿ. ಕೊಡುವ ಮೊದಲು ಬೀಜ ತೆಗೆಸಿರಬೇಕು. ಈ ಶಸ್ತ್ರಚಿಕಿತ್ಸೆಯನ್ನು ವೈದ್ಯರೇ ಅರಿವಳಿಕೆ ಕೊಟ್ಟು ಮಾಡಬೇಕು, ಹೋರಿಗೆ ಒತ್ತಿ ಬೀಜ ಒಡೆಯುವಂತೆ ಅಲ್ಲ. ಆದಮೇಲೂ ಕೆಲವು ವಾರ ಹೆಣ್ಣು ಕುದುರೆಗಳಿಂದ ದೂರವಿಡಬೇಕು, ಗಬ್ಬ ಕಟ್ಟಿಸುವ ಶಕ್ತಿ ತಕ್ಷಣ ಹೋಗಿರುವುದಿಲ್ಲ. ಗಂಡಾಗಿಯೇ ಕೊಟ್ಟರೆ ತಳಿಗೆಂದೋ ಮೆರವಣಿಗೆಗೆಂದೋ ಕೈಯಿಂದ ಕೈಗೆ ಹೋಗುತ್ತ ಕೊನೆಗೆ ಹೊರಟಲ್ಲಿಗೇ ಬಂದು ನಿಲ್ಲುತ್ತದೆ.

ಪಡೆಯುವವರ ಮನೆಗೆ ಒಮ್ಮೆ ಹೇಳಿ, ಒಮ್ಮೆ ಹೇಳದೆ ಹೋಗಿ ಬನ್ನಿ. ಮಾತಿಗಿಂತ ಅವರ ದನಗಳ ಮೈಯನ್ನು, ಬಾನಿಯ ನೀರನ್ನು, ಹುಲ್ಲಿನ ಬಣವೆಯನ್ನು ನೋಡಿ. ಕುದುರೆ ಗುಂಪಿನ ಪ್ರಾಣಿ, ಆದ್ದರಿಂದ ಈಗಾಗಲೇ ಇನ್ನೊಂದು ಕುದುರೆಯೋ ಕತ್ತೆಯೋ ಇರುವ ಮನೆಗೆ ಮೊದಲ ಮಣೆ. ಮಲೆನಾಡಿನವನಾಗಿ ಹೇಳಲು ಸ್ವಲ್ಪ ಸಂಕೋಚವಾದರೂ, ಆಗುಂಬೆಯ ಕಡೆಯ ಎಂಟೆಕರೆ ತೋಟಕ್ಕಿಂತ ನಿಮ್ಮ ಶಿಕಾರಿಪುರದಿಂದ ಮೂಡಲಿಗೆ, ಮಳೆ ಕಡಿಮೆಯಿರುವ ಕಡೆಯ ಎರಡೆಕರೆ ಒಣಭೂಮಿಯನ್ನೇ ನಾನು ಆರಿಸುತ್ತೇನೆ. ಮಾರಕೂಡದು, ತಳಿಗೆ ಬಿಡಕೂಡದು, ಬಾಡಿಗೆಗೆ ಕೊಡಕೂಡದು, ಸಾಕಲಾಗದಿದ್ದರೆ ನಿಮಗೇ ಅಥವಾ ನೀವು ಹೆಸರಿಸಿದವರಿಗೇ ಮರಳಿಸಬೇಕು, ವರ್ಷಕ್ಕೆ ಎರಡು ಸಲ ಬಂದು ನೋಡಲು ಅಡ್ಡಿಪಡಿಸಬಾರದು ಎಂದು ಛಾಪಾ ಕಾಗದದಲ್ಲಿ ಬರೆಸಿ ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ. ಮೊದಲ ಎರಡು ತಿಂಗಳನ್ನು ಪರೀಕ್ಷಾವಧಿಯೆಂದು ಇಟ್ಟುಕೊಂಡರೆ ಇಬ್ಬರಿಗೂ ಮರ್ಯಾದೆಯಾಗಿ ಹಿಂದೆಗೆಯಲು ದಾರಿಯಿರುತ್ತದೆ.

ಸಾಗಿಸುವ ಮೊದಲು ವೈದ್ಯರಿಂದ ಆರೋಗ್ಯ ಪ್ರಮಾಣಪತ್ರ ಪಡೆಯಿರಿ. 1978ರ ಪ್ರಾಣಿ ಸಾಗಣೆ ನಿಯಮಗಳಂತೆ ಅದು ಬೇಕು. ಗ್ಲ್ಯಾಂಡರ್ಸ್ ಮತ್ತು ನೊಣಗಳಿಂದ ಹರಡುವ ಸರ್ರಾ ರೋಗ ಎರಡಕ್ಕೂ ರಕ್ತಪರೀಕ್ಷೆ ಆಗಿರಲಿ, ಅಲ್ಲಿ ಬೇರೆ ಕುದುರೆಗಳಿದ್ದರೆ ಮೂರು ನಾಲ್ಕು ವಾರ ಪ್ರತ್ಯೇಕವಾಗಿ ಕಟ್ಟಲಿ. ಹೊರಡುವ ಹದಿನೈದು ದಿನ ಮೊದಲೇ ನಿಂತ ವಾಹನದೊಳಗೆ ಮೇವಿಟ್ಟು, ತಾನಾಗಿ ಹತ್ತಿ ಇಳಿಯುವುದನ್ನು ಕಲಿಸಿರಿ. ಈಗ ತಿನ್ನುತ್ತಿರುವ ಮೇವನ್ನೇ ಒಂದು ವಾರಕ್ಕಾಗುವಷ್ಟು ಕಟ್ಟಿ ಕಳಿಸಿ, ಅಲ್ಲಿನ ಮೇವನ್ನು ದಿನಕ್ಕಿಷ್ಟೆಂದು ಬೆರೆಸುತ್ತ ಬದಲಾಯಿಸುವಂತೆ ಹೇಳಿ.

ಮೇಕೆಯ ವಿಷಯಕ್ಕೆ ಚಿಂತೆ ಬೇಡ. ಪಡೆಯುವವರು ಒಪ್ಪಿದರೆ ಅದನ್ನೂ ಜೊತೆಗೆ ಕಳಿಸಿಬಿಡಿ, ವಾಹನದಲ್ಲಿ ಮರದ ಅಡ್ಡಪಟ್ಟಿಯ ಆಚೆ, ಕುದುರೆಯ ಕಣ್ಣಿಗೆ ಕಾಣುವಂತೆ ಕಟ್ಟಿ. ಕರಾರು ಪತ್ರದಲ್ಲಿ ಮೇಕೆಯ ಹೆಸರನ್ನೂ ಬರೆಸಲು ಮರೆಯಬೇಡಿ, ಇಲ್ಲವಾದರೆ ಬರುವ ಹಬ್ಬದ ಹೊತ್ತಿಗೆ ಕುದುರೆ ಮತ್ತೆ ಒಂಟಿಯಾದೀತು.